ಹದಿಮೂರು ಬೆಳಗಿನ ಮಂಜು

ಮಾರ್ಚ್ ೩, ಸೋಮವಾರ

ನಮ್ಮ ರೇಡಿಯೋ ಕೇಂದ್ರದ ರಿಜಿಸ್ಟರಿನಲ್ಲಿ ಮಳೆಗೆ ಒಂದು ಕಾಲಂ ಇದೆ, ಗಾಳಿಗೆ ಒಂದು, ಮಂಜಿಗೆ ಒಂದು. ಬೈಗುಳಕ್ಕೆ ಇಲ್ಲ. ಅದಕ್ಕೇ ಈ ನೋಟುಬುಕ್ಕು ಕೊಂಡು ತಂದಿದ್ದೇನೆ.

ಇವತ್ತು ತಾರಸಿಯ ಮೇಲೆ ಒಂದು ಯಂತ್ರ ಬಂದು ಕೂತಿತು. ಬಿಳಿ ಕಂಬ, ತಲೆಯ ಮೇಲೆ ತಿರುಗುವ ಮೂರು ಬಟ್ಟಲು, ಪಕ್ಕದಲ್ಲಿ ಕಣ್ಣಿನ ಹಾಗೆ ಎರಡು ಗಾಜು. ಅದನ್ನು ತರಿಸಿದವನು ಹೊಸ ಮ್ಯಾನೇಜರ್. ಬಂದು ಎರಡು ತಿಂಗಳಾಯಿತು. ನಾನು ಅವನಿಗೆ ಇಸ್ತ್ರಿ ಅಂತ ಹೆಸರಿಟ್ಟಿದ್ದೇನೆ, ಯಾವಾಗ ನೋಡಿದರೂ ಅಂಗಡಿಯಿಂದ ಈಗ ತಾನೇ ಬಿಡಿಸಿ ತೊಟ್ಟ ಹಾಗಿರುತ್ತದೆ ಅವನ ಅಂಗಿ.

“ನಾಳೆಯಿಂದ ಸ್ಕ್ರೀನ್ ಮೇಲೆ ಬಂದಿದ್ದನ್ನ ಓದಿದ್ರೆ ಸಾಕು ಮೇಡಂ. ನೀವು ಮೆಟ್ಟಿಲು ಹತ್ತೋ ಕಷ್ಟ ತಗೋಬೇಡಿ” ಅಂದ.

“ಇಪ್ಪತ್ತಾರು ವರ್ಷದಿಂದ ಹತ್ತುತ್ತಾ ಇದ್ದೀನಿ. ನನ್ನ ಮಂಡಿ ಬಂದು ನಿಮ್ಮ ಹತ್ರ ದೂರು ಕೊಡ್ತಾ?” ಅಂದೆ.

ಅವನು ನಕ್ಕ. ನಾನು ನಗಲಿಲ್ಲ.

ಇಪ್ಪತ್ತಾರು ವರ್ಷದಿಂದ ಬೆಳಿಗ್ಗೆ ಆರೂವರೆಗೆ ನಾನು ಆ ತಾರಸಿಯ ಮೇಲೆ ನಿಂತು ಏಳು ಗುರುತು ಎಣಿಸುತ್ತೇನೆ. ಒಂದು, ಎದುರಿನ ಬೇಕರಿಯ ಬೋರ್ಡು. ಎರಡು, ಅಂಚೆ ಕಚೇರಿಯ ಗಡಿಯಾರ. ಮೂರು, ಶಾಲೆಯ ಕೆಂಪು ಹೆಂಚಿನ ಮಾಡು. ನಾಲ್ಕು, ನೀರಿನ ಟ್ಯಾಂಕು. ಐದು, ನದಿ ದಾಟಿಸುವ ಲಾಂಚು ನಿಲ್ಲುವ ಕಟ್ಟೆಯ ದೀಪದ ಕಂಬ. ಆರು, ನದಿ ತಿರುಗುವಲ್ಲಿರುವ ಬಿಳಿ ಗೋದಾಮು. ಏಳು, ಆಚೆ ದಡದ ಗುಡ್ಡದ ಟವರು. ಆರೂ ಮುಕ್ಕಾಲಿಗೆ ಮೈಕಿನ ಮುಂದೆ ಕೂತು, ಮಳೆ ಗಾಳಿ ಎಲ್ಲ ಹೇಳಿ, ಕೊನೆಗೆ ಎಷ್ಟನೇ ಗುರುತಿನ ತನಕ ಕಾಣುತ್ತದೋ ಅದನ್ನು “ಇವತ್ತು ಏಳರ ತನಕ” ಅಂತಲೋ “ಇವತ್ತು ನಾಲ್ಕರ ತನಕ” ಅಂತಲೋ ಹೇಳುತ್ತೇನೆ. ಇಡೀ ಊರು ಅದನ್ನೇ ಮಾತಾಡುತ್ತದೆ. ಹಾಲಿನ ಅಂಗಡಿಯಲ್ಲಿ ಜನ “ಇವತ್ತು ಎಷ್ಟಂತೆ?” ಅಂತ ಕೇಳಿಕೊಳ್ಳುತ್ತಾರೆ. ನನ್ನ ಸ್ವಂತ ಹೆಸರು ಮರೆತು ಹವಾಮಾನದಕ್ಕ ಅಂತಲೇ ಕರೆಯುತ್ತಾರೆ.

ಗೋದಾಮು ಕಾಣದಿದ್ದರೆ ಲಾಂಚು ಬಿಡುವಂತಿಲ್ಲ. ಇದು ಬರೆದಿಟ್ಟ ಕಾನೂನಲ್ಲ, ಹಿಂದೊಮ್ಮೆ ಶಾಲೆಯ ಮಕ್ಕಳನ್ನು ತುಂಬಿಕೊಂಡ ಲಾಂಚು ಮಂಜಿನಲ್ಲಿ ದಿಕ್ಕು ತಪ್ಪಿ ಮರಳ ದಿಬ್ಬಕ್ಕೆ ಹತ್ತಿ ಕೂತ ಮೇಲೆ ನಾವೇ ಮಾಡಿಕೊಂಡದ್ದು. ಮಂಜು ಯಾವಾಗಲೂ ತಿರುವಿನ ಆಚೆಯಿಂದ ಬರುತ್ತದೆ. ಕಟ್ಟೆಯಲ್ಲಿ ನಿಂತವರಿಗೆ ಅದು ಮೈಮೇಲೆ ಬರುವ ತನಕ ಗೊತ್ತಾಗುವುದಿಲ್ಲ. ತಾರಸಿಯಿಂದ ಹತ್ತು ನಿಮಿಷ ಮೊದಲೇ ಗೊತ್ತಾಗುತ್ತದೆ. ಆ ಹತ್ತು ನಿಮಿಷ ನನ್ನದು. ಅದನ್ನು ಬಟ್ಟಲು ತಿರುಗಿಸುವ ಕಂಬಕ್ಕೆ ಬಿಟ್ಟುಕೊಡುವುದಿಲ್ಲ.

ಮಾರ್ಚ್ ೪, ಮಂಗಳವಾರ

ಹತ್ತಿದೆ. ಐದರ ತನಕ. ಸ್ಕ್ರೀನು ಮಾತ್ರ ಮಂಜಿಲ್ಲ ಅಂತ ಹೇಳುತ್ತಿತ್ತು. ಅದಕ್ಕೆ ತಾರಸಿಯ ಸುದ್ದಿ ಬಿಟ್ಟರೆ ಬೇರೆ ಏನು ಗೊತ್ತು, ನದಿಯ ತಿರುವನ್ನು ಅದು ಯಾವ ಜನ್ಮದಲ್ಲಿ ನೋಡಿದೆ? ಐದು ಅಂತಲೇ ಹೇಳಿದೆ. ಲಾಂಚು ಅರ್ಧ ಗಂಟೆ ತಡವಾಯಿತು. ಆಗಲಿ.

“ಬೇರೆ ಯಾರನ್ನಾದ್ರೂ ಒಂದು ಮಾತು ಕೇಳಿ ಖಚಿತ ಮಾಡ್ಕೋಬಹುದಿತ್ತಲ್ವಾ?” ಅಂದ ಇಸ್ತ್ರಿ. ನಾನು ಯಾರನ್ನೂ ಕೇಳುವವಳಲ್ಲ. ಇಬ್ಬರನ್ನು ಕೇಳಿದರೆ ಮೂರು ಹವಾಮಾನ ಸಿಗುತ್ತದೆ.

ಮಾರ್ಚ್ ೬, ಗುರುವಾರ

ಮನೆಯಲ್ಲಿ ಜಗಳ. ನಮ್ಮ ಮನೆಯಲ್ಲಿ ಇರುವುದೇ ಇಬ್ಬರು, ನಾನು ಮತ್ತು ನನ್ನ ನಾದಿನಿ. ಅವಳಣ್ಣ ತೀರಿಕೊಂಡು ಒಂಬತ್ತು ವರ್ಷ. ಅವನು ಹೋದ ಮೇಲೆ ಅವಳು ತನ್ನ ಹೊಲಿಗೆ ಮೆಷಿನ್ ಸಮೇತ ಬಂದು ಮುಂದಿನ ಕೋಣೆಯಲ್ಲಿ ಠಿಕಾಣಿ ಹೂಡಿದಳು. ಊರಿನ ಅರ್ಧ ಜನರ ಪ್ಯಾಂಟಿನ ಸೊಂಟದ ಅಳತೆ ಅವಳ ಬಾಯಲ್ಲಿದೆ.

ಇವತ್ತು ನನ್ನ ಕುಪ್ಪಸಕ್ಕೆ ಒಂದು ಗುಂಡಿ ಹಾಕೋಣ ಅಂತ ಕೂತೆ. ಸೂಜಿಗೆ ದಾರ ಹೋಗಲಿಲ್ಲ. ಅದೇನು ಸೂಜಿ ತರುತ್ತಾಳೋ, ತೂತೇ ಇರುವುದಿಲ್ಲ. ಹೇಳಿದ್ದಕ್ಕೆ ಸೂಜಿ ಕಿತ್ತುಕೊಂಡು ಒಂದೇ ಸಲಕ್ಕೆ ಪೋಣಿಸಿ ಕೈಗೆ ಕೊಟ್ಟಳು.

“ಅತ್ತಿಗೆ, ನಿನ್ನೆ ಚಹಾ ಲೋಟದ ಆಚೆ ಸುರಿದ್ರಿ. ಮೊನ್ನೆ ಪೇಪರ್ ಓದ್ದೆ ಮಡಚಿಟ್ರಿ. ಒಂದ್ಸಲ ಕಣ್ಣು ತೋರಿಸ್ಕೊಂಡು ಬನ್ನಿ.”

“ಪೇಪರಿನವರು ಮಸಿ ಉಳಿಸ್ತಿದ್ದಾರೆ, ಅದಕ್ಕೆ ನನ್ನ ಕಣ್ಣು ಯಾಕೆ ತೋರಿಸ್ಬೇಕು?”

ಪಡಸಾಲೆಯ ಬಲ್ಬೂ ಸರಿ ಇಲ್ಲ. ಸುತ್ತ ಬಳೆಯ ಹಾಗೆ ಬಣ್ಣ ಬಣ್ಣದ ಉಂಗುರ ಬರುತ್ತದೆ. ಬದಲಾಯಿಸು ಅಂದರೆ, ಅದು ಹೋದ ವಾರ ತಂದ ಬಲ್ಬು ಅನ್ನುತ್ತಾಳೆ. ಈಗಿನ ಕಾಲದಲ್ಲಿ ಯಾವ ಸಾಮಾನೂ ಬಾಳುವುದಿಲ್ಲ.

ಮಾರ್ಚ್ ೮, ಶನಿವಾರ

ಇವತ್ತಿನ ದಿನವನ್ನು ದಪ್ಪ ಅಕ್ಷರದಲ್ಲಿ ಬರೆಯಬೇಕು.

ಬೆಳಿಗ್ಗೆಯಿಂದ ಮೋಡ. ಮೆಟ್ಟಿಲ ಗೋಡೆಗೆ ನೇತುಹಾಕಿದ ಹಳೆಯ ಬ್ಯಾರೋಮೀಟರಿನ ಮುಳ್ಳು ಹತ್ತು ಗಂಟೆಗೆ ಇಳಿಯಲು ಶುರುವಾದದ್ದು ಹನ್ನೆರಡಾದರೂ ನಿಲ್ಲಲಿಲ್ಲ. ಬೆರಳಿನಿಂದ ಗಾಜು ತಟ್ಟಿದೆ, ಮತ್ತೂ ಜಾರಿತು. ಗಾಳಿ ಸತ್ತು ಹೋಗಿತ್ತು. ಅಂಚೆ ಕಚೇರಿಯ ಪಾರಿವಾಳಗಳೆಲ್ಲ ಸೂರಿನ ಒಳಗೆ ಸೇರಿಕೊಂಡು ಗುಟುರು ಹಾಕುವುದನ್ನೂ ಬಿಟ್ಟಿದ್ದವು. ಸ್ಕ್ರೀನಿನ ಮೇಲೆ: ಸಂಜೆ ತುಂತುರು ಮಳೆ, ಸಾಧಾರಣ ಗಾಳಿ.

ನಾನು ಮಧ್ಯಾಹ್ನವೇ ಮೈಕು ಕೇಳಿದೆ. ಇಸ್ತ್ರಿ ಒಪ್ಪಲಿಲ್ಲ. ಅವನು ಊಟಕ್ಕೆ ಹೋದಾಗ ಹಾಡು ನಿಲ್ಲಿಸಿ ಹೇಳಿಬಿಟ್ಟೆ: “ನಾಲ್ಕು ಗಂಟೆಯೊಳಗೆ ಬಿರುಗಾಳಿ ಬರುತ್ತೆ. ಒಣಗಿ ಹಾಕಿದ್ದನ್ನ ತೆಗೀರಿ, ತಗಡಿನ ಮೇಲೆ ಕಲ್ಲಿಡಿ, ಮಕ್ಕಳನ್ನ ಒಳಗೆ ಕರ್ಕೊಳ್ಳಿ.” ಕಟ್ಟೆಯಲ್ಲಿ ಲಾಂಚಿನ ಡ್ರೈವರ್ ಅದನ್ನು ಕೇಳಿ, ಹತ್ತಿದವರನ್ನೆಲ್ಲ ಇಳಿಸಿ, ಲಾಂಚನ್ನು ನಾಲ್ಕು ಹಗ್ಗದಲ್ಲಿ ಕಟ್ಟಿದ. ಊರವರಿಗೆಲ್ಲ ಅವನು ಮೀಸೆ. ಆ ಮೀಸೆಯ ಮುಂದೆ ಅವನ ಮುಖ ಬಾಡಿಗೆಗೆ ಇದ್ದ ಹಾಗೆ ಕಾಣುತ್ತದೆ.

ಮೂರೂ ಮುಕ್ಕಾಲಿಗೆ ಬಂತು. ಬೇಕರಿಯ ಬೋರ್ಡು ಕಿತ್ತು ರಸ್ತೆಗೆ ಬಿತ್ತು, ಕಟ್ಟೆಯ ದೀಪದ ಕಂಬ ಬಾಗಿತು. ಮಾಪಕದಲ್ಲಿ ನಲವತ್ತೊಂದು ಮಿಲಿಮೀಟರ್ ಮಳೆ. ಯಂತ್ರದ ಒಂದು ಬಟ್ಟಲು ಹಾರಿಹೋಗಿ ಪಕ್ಕದ ತಾರಸಿಯಲ್ಲಿ ಸಿಕ್ಕಿತು. ಅದನ್ನು ಎತ್ತಿ ತಂದು ಇಸ್ತ್ರಿಯ ಮೇಜಿನ ಮೇಲೆ ಇಟ್ಟು, “ತುಂತುರು ಇದರಲ್ಲಿ ಹಿಡಿದಿಟ್ಟಿದ್ದೀನಿ” ಅಂದೆ.

ಮಾರ್ಚ್ ೯, ಭಾನುವಾರ

ಮೀಸೆ ಒಂದು ಚೀಲ ಕಿತ್ತಳೆ ತಂದುಕೊಟ್ಟ. “ಅಕ್ಕಾ, ನಿನ್ನೆ ಲಾಂಚು ನಡುನೀರಲ್ಲಿ ಇದ್ದಿದ್ರೆ ಐವತ್ತು ಜನ. ಇನ್ನು ಮೇಲೆ ಆಫೀಸಿನವರು ಆ ಯಂತ್ರದ ವಿಷಯ ಏನೇ ಹೇಳಲಿ, ನಂಗೆ ನಿಮ್ಮ ಬಾಯಿಂದ ಬಂದಿದ್ದೇ ಮಾತು” ಅಂದ.

ಕಿತ್ತಳೆ ಸಿಹಿಯಾಗಿತ್ತು. ನಾದಿನಿಗೂ ನಾಲ್ಕು ಕೊಟ್ಟೆ. ಬೇಕರಿಯವನು ಬೋರ್ಡನ್ನು ಮತ್ತೆ ಮೇಲೆ ಹಾಕಿಸಿದ.

ಮಾರ್ಚ್ ೧೨, ಬುಧವಾರ

ಇಸ್ತ್ರಿ ಕಾಗದ ಕೊಟ್ಟಿದ್ದಾನೆ. ಬಿರುಗಾಳಿಯ ಹೊಗಳಿಕೆ ಒಂದು ಸಾಲು, ಬೆದರಿಕೆ ಆರು ಸಾಲು. ಇನ್ನೊಂದು ಸಲ ಸ್ಕ್ರೀನಿಗೆ ವಿರುದ್ಧವಾಗಿ ಓದಿ ಅದರಿಂದ ತೊಂದರೆಯಾದರೆ ನನ್ನನ್ನು ಮೈಕಿನಿಂದ ತೆಗೆಯುತ್ತಾರಂತೆ. ಯಂತ್ರಕ್ಕೆ ಹೊಸ ಬಟ್ಟಲೂ ಬಂದಿದೆ.

ಕಾಗದದ ಹಿಂಬದಿ ಖಾಲಿ ಇತ್ತು. ಅದರಲ್ಲಿ ಇವತ್ತಿನ ಮಳೆ ಬರೆದುಕೊಂಡೆ. ಮೂರು ಮಿಲಿಮೀಟರ್.

ಮಾರ್ಚ್ ೧೪, ಶುಕ್ರವಾರ

ಐದರ ತನಕ. ಈ ವಸಂತದಲ್ಲಿ ಇಷ್ಟೊಂದು ಮಂಜು ಹಿಂದೆಂದೂ ಕಂಡಿರಲಿಲ್ಲ. ಬಿಸಿಲು ಬಂದರೂ ಕರಗುವುದಿಲ್ಲ.

ಮಾರ್ಚ್ ೧೫, ಶನಿವಾರ

ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ.

ಬೆಳಿಗ್ಗೆ ಐದರ ತನಕ ಅಂತ ಹೇಳಿದೆ. ಏಳಕ್ಕೆ ಹತ್ತು ನಿಮಿಷ ಇರುವಾಗ ಮೀಸೆಯ ಫೋನು ಬಂತು.

“ಅಕ್ಕಾ, ಇಲ್ಲಿ ಬಿಸಿಲು ಚುರುಚುರು ಅಂತಿದೆ. ಪರೀಕ್ಷೆ ಮಕ್ಕಳು ಹನ್ನೊಂದು ಜನ ಇದ್ದಾರೆ, ಎಂಟಕ್ಕೆ ಆಚೆ ಇರ್ಬೇಕಂತೆ. ಐದೇನಾ?”

“ತಿರುವು ಪೂರ್ತಿ ಬೆಳ್ಳಗಿದೆ. ಬಿಟ್ಟೀಯ ಮತ್ತೆ!”

“ಆಯ್ತು. ನೀವು ಹೇಳಿದ ಮೇಲೆ ಮುಗೀತು.”

ಅವನು ನಿಲ್ಲಿಸಿದ. ಜನ ಬೈದರು, ಯಾರೋ ಅಂಗಿ ಹಿಡಿದರಂತೆ, ಆದರೂ ಹಗ್ಗ ಬಿಚ್ಚಲಿಲ್ಲ. ಎಂಟೂ ಕಾಲಿಗೆ ಲಾಂಚಿನ ಆಫೀಸಿನವರೇ ಬಂದು ಬೇರೆ ಡ್ರೈವರನ್ನು ಹತ್ತಿಸಿ ಕಳಿಸಿದರು. ಅಷ್ಟು ಹೊತ್ತಾದರೂ ಮಂಜು ಬಂದಿರಲಿಲ್ಲ. ಆಮೇಲೂ ಬರಲಿಲ್ಲ. ಮಕ್ಕಳನ್ನು ಪರೀಕ್ಷೆಗೆ ಒಳಗೆ ಬಿಟ್ಟರಂತೆ, ಹೆಚ್ಚಿನ ಸಮಯ ಕೊಡಲಿಲ್ಲವಂತೆ.

ಸಂಜೆ ಒಬ್ಬ ಹುಡುಗಿ ಕೇಂದ್ರಕ್ಕೆ ಫೋನು ಮಾಡಿದಳು. ಬೈಯಲಿಲ್ಲ. “ಅಕ್ಕಾ, ಕೊನೇ ಎರಡು ಪ್ರಶ್ನೆ ಬಿಟ್ಟೆ. ನಂಗೆ ಬರ್ತಿತ್ತು” ಅಂದು ಇಟ್ಟಳು.

ಮಂಜು ಬರುವುದಿತ್ತು, ಗಾಳಿ ತಿರುಗಿ ಹಿಂದೆ ಹೋಯಿತು. ಹಾಗೂ ಆಗುತ್ತದೆ. ಹಾಗೇ ಆಗಿರಬೇಕು.

ಮಾರ್ಚ್ ೧೬, ಭಾನುವಾರ

ಗಾಳಿ ತಿರುಗಿರಲಿಲ್ಲ. ರಿಜಿಸ್ಟರಿನಲ್ಲಿ ನಾನೇ ಬರೆದಿದ್ದೇನೆ: ಗಾಳಿ ಇಲ್ಲ.

ಮಾರ್ಚ್ ೧೭, ಸೋಮವಾರ

ಮೀಸೆಯನ್ನು ಕೆಲಸದಿಂದ ಅಮಾನತು ಮಾಡಿದ್ದಾರೆ. ಯಂತ್ರ ನಿಚ್ಚಳ ಅಂತ ಹೇಳಿದ್ದರೂ ಕೇಳದೆ ಲಾಂಚು ನಿಲ್ಲಿಸಿದ ತಪ್ಪಿಗೆ. ಹದಿನಾಲ್ಕು ವರ್ಷದಲ್ಲಿ ಅವನು ಒಂದು ದಿನ ತಡವಾಗಿ ಬಂದವನಲ್ಲ.

ಬೆಳಿಗ್ಗೆ ನಾನು ತಾರಸಿಯಲ್ಲಿ ಇರುವಾಗ ಅವನೇ ಮೆಟ್ಟಿಲು ಹತ್ತಿ ಬಂದ. ನನ್ನನ್ನು ಹಿಡಿದು ಬೈಯಲಿ ಅಂತ ಕಾದೆ. ಬೈಯಲಿಲ್ಲ. ಪಕ್ಕದಲ್ಲಿ ನಿಂತು, ಬಿಸಿಲಿಗೆ ಕೈ ಅಡ್ಡ ಹಿಡಿದು ನದಿಯ ಕಡೆ ನೋಡಿದ.

“ಅಕ್ಕಾ, ಈಗ ಎಷ್ಟು?”

“ಐದು. ಯಾಕೆ, ನಿಂಗೆ ಕಾಣಲ್ವಾ?”

ಅವನು ಕಣ್ಣು ಕಿರಿದು ಮಾಡಿ ಮತ್ತೊಮ್ಮೆ ನೋಡಿದ. ಆಮೇಲೆ, “ಗೋದಾಮಿನ ಮುಂದೆ ಒಂದು ಕೆಂಪು ಲಾರಿ ನಿಂತಿದೆ” ಅಂದ.

“ತಮಾಷೆ ಮಾಡ್ತೀಯಾ?”

“ಇಲ್ಲಕ್ಕಾ.”

“ಟವರು?”

“ಅದೂ ಇದೆ. ಏಳೂ ಇದೆ ಅಕ್ಕಾ.”

“ನಿಂಗೆ ಕೆಲಸ ಹೋಗಿದ್ದಕ್ಕೆ ಸಿಟ್ಟು, ಅದಕ್ಕೆ ಹೀಗೆ ಹೇಳ್ತಿದ್ದೀಯ” ಅಂತ ರೇಗಿದೆ. ಅವನು ತಲೆ ಬಗ್ಗಿಸಿಕೊಂಡು ಇಳಿದು ಹೋದ. ಹೋಗುವಾಗ “ನಾನು ಯಾರಿಗೂ ಹೇಳಲ್ಲ” ಅಂದ. ಅವನು ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮಾರ್ಚ್ ೧೮, ಮಂಗಳವಾರ

ಕೋಣೆಯ ಬಾಗಿಲು ಹಾಕಿಕೊಂಡು ನೋಡಿದೆ. ಬಲಗಣ್ಣು ಮುಚ್ಚಿದರೆ ಮಬ್ಬು. ಎಡಗಣ್ಣು ಮುಚ್ಚಿದರೆ ಹಾಲು.

ಮಾರ್ಚ್ ೧೯, ಬುಧವಾರ

ಕಣ್ಣಿನ ಡಾಕ್ಟರು ಚಿಕ್ಕ ವಯಸ್ಸಿನವಳು. ದೀಪ ಬಿಟ್ಟು ನೋಡಿ ಹೇಳಿದಳು: “ಎರಡರಲ್ಲೂ ಪೊರೆ ಬಂದಿದೆ. ಬಲಗಣ್ಣಿಂದು ಚೆನ್ನಾಗಿ ಬಲಿತಿದೆ. ಬಿಸಿಲಿಗೆ ಮುಖ ಮಾಡಿದ್ರೆ ದೂರದ್ದೆಲ್ಲ ಬೆಳ್ಳಗೆ ಕಾಣ್ಸಿರ್ಬೇಕಲ್ವಾ? ಮೋಡ ಇದ್ದ ದಿನ ಅಷ್ಟು ತೊಂದ್ರೆ ಆಗಲ್ಲ.”

ಬೆಳಿಗ್ಗೆ ಆರೂವರೆಗೆ ನಾನು ನಿಲ್ಲುವುದೇ ಸೂರ್ಯನ ಎದುರು.

“ಇಷ್ಟು ದಿನ ಯಾಕೆ ಬರ್ಲಿಲ್ಲ? ಕೆಲಸ ಏನು ಮಾಡ್ತೀರಿ?” ಅಂತ ಕೇಳಿದಳು. ದೂರ ನೋಡೋ ಕೆಲಸ ಅನ್ನದೆ, ರೇಡಿಯೋದಲ್ಲಿ ಅಂದೆ. ನಾದಿನಿ ಪಕ್ಕದಲ್ಲಿ ಕೂತಿದ್ದಳು. “ನಾನು ಹೇಳಿರ್ಲಿಲ್ವಾ?” ಅಂತ ಹಂಗಿಸಲಿಲ್ಲ, ನನ್ನ ಚೀಲ ಹಿಡಿದುಕೊಂಡು ನೆಲ ನೋಡುತ್ತಿದ್ದಳು. ಅಲ್ಲಿಂದ ಕೇಂದ್ರಕ್ಕೆ ಬಂದು ರಿಜಿಸ್ಟರ್ ತೆಗೆದೆ. ಅಕ್ಷರ ಕಾಣಲೆಂದು ನಾದಿನಿಯ ಹೊಲಿಗೆಯ ಭೂತಗನ್ನಡಿ ಹಿಡಿದೆ.

ನದಿಯ ಮಂಜು ನೀರಿಗೆ ಅಂಟಿಕೊಂಡು ಬರುತ್ತದೆ. ಮೊದಲು ಗೋದಾಮನ್ನು ನುಂಗುತ್ತದೆ. ಗುಡ್ಡದ ಮೇಲಿರುವ ಟವರು ಎಷ್ಟೋ ಹೊತ್ತು ಹಾಗೇ ನಿಂತಿರುತ್ತದೆ. ಇದನ್ನು ಈ ಊರಿಗೆ ಕಲಿಸಿದವಳೇ ನಾನು. ಈ ವಸಂತದಲ್ಲಿ ಹತ್ತೊಂಬತ್ತು ಮಂಜು ಬರೆದಿದ್ದೇನೆ. ಆರರಲ್ಲಿ ಗೋದಾಮು ಹೋಗಿದೆ, ಟವರು ಉಳಿದಿದೆ. ಹದಿಮೂರರಲ್ಲಿ ಎರಡೂ ಒಟ್ಟಿಗೆ ಹೋಗಿವೆ. ನನ್ನ ಕೈಯಲ್ಲೇ ಬರೆದದ್ದು, ನನ್ನ ಕಣ್ಣೆದುರೇ ಇತ್ತು.

ಹದಿಮೂರರ ಮುಂದೂ ಕೆಂಪು ಶಾಯಿಯಲ್ಲಿ ಬರೆದೆ: ನನ್ನದು. ಉಳಿದ ಆರರ ಮುಂದೆ: ನದಿಯದ್ದು. ಆಮೇಲೆ ಮೇಜಿನ ಮೇಲೆ ತಲೆಯಿಟ್ಟು ಅತ್ತೆ.

ಮಾರ್ಚ್ ೨೦, ಗುರುವಾರ

ಇಸ್ತ್ರಿಗೆ ಎಲ್ಲ ಹೇಳಿದೆ. ಅವನು ಒಂದು ನಿಮಿಷ ಮುಖ ಉಜ್ಜಿಕೊಂಡು ಕೂತ. ಆಮೇಲೆ ಒಂದು ಚೀಟಿ ಬರೆದುಕೊಟ್ಟ: “ಶನಿವಾರ ತಾಂತ್ರಿಕ ಕಾರಣಗಳಿಂದ ಮಾಹಿತಿಯಲ್ಲಿ ವ್ಯತ್ಯಾಸವಾಗಿದ್ದು…”

“ಇಷ್ಟು ಓದಿ ಮೇಡಂ. ಆಮೇಲೆ ನೀವು ವಯಸ್ಸಾಯ್ತು ಅಂತ ಬಿಟ್ಟ ಹಾಗೆ ಮಾಡೋಣ. ಒಂದು ಸಣ್ಣ ಬೀಳ್ಕೊಡುಗೆ ಇಟ್ಕೊಳ್ಳೋಣ. ನಿಮ್ಮ ಮರ್ಯಾದೆನೂ ಉಳಿಯುತ್ತೆ, ಕೇಂದ್ರದ್ದೂ.”

“ಲಾಂಚಿನವನದ್ದು?”

ಅವನು ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡ.

ನನಗೆ ಭಯವಾಗಿತ್ತು, ಸುಳ್ಳು ಯಾಕೆ ಬರೆಯಲಿ. ಮೈಕು ಹೋದರೆ ಬೆಳಿಗ್ಗೆ ಐದಕ್ಕೆ ಎದ್ದು ನಾನು ಏನು ಮಾಡಲಿ, ಯಾರಿಗೆ ಏನು ಹೇಳಲಿ? ಆದರೆ ಆ ಚೀಟಿ ನೋಡಿದ ಮೇಲೆ ಭಯಕ್ಕಿಂತ ಸಿಟ್ಟೇ ಹೆಚ್ಚಾಯಿತು. ಅದನ್ನು ಚಹಾ ಲೋಟದ ಕೆಳಗಿಟ್ಟು ಕೆಂಪು ದೀಪ ಹತ್ತಿದ ಕೂಡಲೇ ಹೇಳಿದೆ:

“ನಾನು ಹವಾಮಾನದಕ್ಕ. ನಿನ್ನೆ ಮಳೆ ಇಲ್ಲ, ಗಾಳಿ ಇಲ್ಲ. ಈ ವಸಂತದಲ್ಲಿ ಹದಿಮೂರು ಬೆಳಿಗ್ಗೆ ನಾನು ಮಂಜಿದೆ ಅಂತ ಹೇಳಿದ್ದೆ. ಇರಲಿಲ್ಲ. ಅದು ನನ್ನ ಕಣ್ಣಿನ ಪೊರೆ. ಮನೆಯವರು ಹೇಳಿದಾಗ ಕೇಳಲಿಲ್ಲ, ಸೊಕ್ಕು. ಯಂತ್ರ ಹೇಳಿದ್ದು ಸರಿ ಇತ್ತು. ಪರೀಕ್ಷೆಗೆ ತಡವಾದ ಹನ್ನೊಂದು ಮಕ್ಕಳೇ, ಎರಡು ಪ್ರಶ್ನೆ ಬಿಟ್ಟ ಹುಡುಗಿ, ತಪ್ಪು ನಂದು. ಲಾಂಚಿನ ಡ್ರೈವರ್ ನನ್ನ ಮಾತು ನಂಬಿದ, ಅಷ್ಟೇ ಅವನು ಮಾಡಿದ್ದು. ಲಾಂಚಿನ ಆಫೀಸಿನವರಿಗೆ ಶಿಕ್ಷೆ ಕೊಡಲೇಬೇಕು ಅಂತಿದ್ರೆ ನಾನು ಇಲ್ಲೇ ಮೂರನೇ ಮಹಡಿಯಲ್ಲಿ ಕೂತಿರ್ತೀನಿ, ಬನ್ನಿ. ಅವನನ್ನ ಕೆಲಸಕ್ಕೆ ಕರೀರಿ.”

ಇಸ್ತ್ರಿ ಗಾಜಿನ ಆಚೆ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಿದ್ದ. ಹತ್ತು ನಿಮಿಷದಲ್ಲಿ ನನ್ನನ್ನು ಮನೆಗೆ ಕಳಿಸಿದ. ರಿಜಿಸ್ಟರನ್ನು ಅಲ್ಲೇ ಬಿಟ್ಟು ಬಂದೆ. ಬ್ಯಾರೋಮೀಟರನ್ನೂ ಬಿಟ್ಟು ಬಂದೆ. ಮೆಟ್ಟಿಲಿಳಿಯುವಾಗ ಗೋಡೆ ಹಿಡಿದುಕೊಂಡೆ, ಇದೇ ಮೊದಲ ಸಲ.

ಮಾರ್ಚ್ ೨೪, ಸೋಮವಾರ

ನಾಳೆ ಬಲಗಣ್ಣಿನ ಆಪರೇಷನ್. ನಾದಿನಿ ನನ್ನ ಹಳೆಯ ಕುಪ್ಪಸಕ್ಕೆಲ್ಲ ಗುಂಡಿ ಹಾಕಿ ಮುಗಿಸಿದ್ದಾಳೆ. ಹೆದರಿಕೆ ಆಗ್ತಿದ್ಯಾ ಅಂತ ಕೇಳಿದಳು. ಇಲ್ಲ ಅಂದೆ. “ನಂಗೆ ಆಗ್ತಿದೆ” ಅಂದಳು.

ಮಾರ್ಚ್ ೨೭, ಗುರುವಾರ

ಕಣ್ಣಿಗೆ ಮುಚ್ಚಳ ಹಾಕಿದ್ದಾರೆ. ಇನ್ನೊಂದು ಕಣ್ಣಿನಲ್ಲಿ ಅಂದಾಜಿನ ಮೇಲೆ ಬರೆಯುತ್ತಿದ್ದೇನೆ, ಸಾಲು ಎತ್ತೆತ್ತಲೋ ಹೋಗುತ್ತಿರಬೇಕು.

ಬೆಳಿಗ್ಗೆ ರೇಡಿಯೋ ಹಾಕಿಸಿದೆ. ಇಸ್ತ್ರಿಯೇ ಓದುತ್ತಿದ್ದಾನೆ. “ಗೋಚರತೆ ಎರಡು ಸಾವಿರದ ನಾನೂರು ಮೀಟರ್.” ಅದನ್ನು ಯಾರಿಗಾದರೂ ತಿನ್ನಲು ಕೊಡಬಹುದಾ? ಬೇಕರಿಯವನು ನಾದಿನಿಯ ಹತ್ತಿರ ಕೇಳಿದನಂತೆ, “ಅದು ಎಷ್ಟು ಅಂತ ಅಕ್ಕನ್ನ ಕೇಳಿ ಹೇಳಮ್ಮಾ, ಆರಾ ಏಳಾ?” ನನಗೆ ಹೇಗೆ ಗೊತ್ತು, ನಾನು ಮಲಗಿದ್ದೇನೆ. ಆದರೂ ನಾದಿನಿಯನ್ನು ನೀರಿನ ಟ್ಯಾಂಕಿಗೆ ಓಡಿಸಿದೆ. ಅಲ್ಲಿನ ಕಾವಲುಗಾರ ಮೇಲೆ ಹತ್ತಿ ನೋಡಿ ಏಳೂ ಇದೆ ಅಂದನಂತೆ. ಬೇಕರಿಗೆ ಹೇಳಿ ಕಳಿಸಿದೆ.

ಏಪ್ರಿಲ್ ೩, ಗುರುವಾರ

ಮುಚ್ಚಳ ತೆಗೆದು ಐದು ದಿನವಾಯಿತು. ಕಂಡದ್ದನ್ನು ಬರೆದು ಮುಗಿಸುವ ಹಾಗಿಲ್ಲ. ನಮ್ಮ ಗೋಡೆ ಹಳದಿ ಅಲ್ಲ, ಬಿಳಿ. ನಾದಿನಿಯ ತಲೆಕೂದಲು ಅರ್ಧಕ್ಕಿಂತ ಹೆಚ್ಚು ನರೆತಿದೆ, ಯಾವಾಗ ಆಯಿತೋ. ಪಡಸಾಲೆಯ ಬಲ್ಬು ಒಳ್ಳೆಯ ಬಲ್ಬು.

ಸಂಜೆ ಬಾಗಿಲು ತಟ್ಟಿದ ಸದ್ದಾಯಿತು. ಇಸ್ತ್ರಿ. ಎದುರಿನ ಕುರ್ಚಿಯಲ್ಲಿ ಕೂತಾಗ ನೋಡಿದೆ. ಅವನ ಅಂಗಿಯ ಕಾಲರು ಸವೆದು ನೂಲು ಎದ್ದಿತ್ತು. ತೋಳಿನ ಹತ್ತಿರ ಅವನೇ ಹಾಕಿಕೊಂಡಂಥ ವಕ್ರ ಹೊಲಿಗೆ. ಇಸ್ತ್ರಿಯ ಗೆರೆ ಎಲ್ಲೂ ಇರಲಿಲ್ಲ. ಕಣ್ಣ ಕೆಳಗೆ ಕಪ್ಪಾಗಿತ್ತು. ಇಷ್ಟು ದಿನ ನಾನು ಯಾರನ್ನು ನೋಡಿ ಹೊಟ್ಟೆ ಉರಿಸಿಕೊಂಡೆನೋ.

“ಮೇಡಂ, ಬೆಳಿಗ್ಗೆ ಫೋನು ನಿಲ್ಲಲ್ಲ. ಎಲ್ಲಾರೂ ಇವತ್ತು ಎಷ್ಟು ಅಂತಾರೆ. ನಾನೇ ತಾರಸಿ ಹತ್ತಿ ಎಣಿಸಿದೆ. ಎಂಟು ಬಂತು.”

“ಎಂಟು ಎಲ್ಲಿಂದ ಬಂತು ಮಾರಾಯ್ರೇ?”

“ಗಡಿಯಾರ ಎರಡು ಮುಖದ್ದು, ಎರಡು ಸಲ ಎಣಿಸಿದೆ ಅನ್ಸುತ್ತೆ.”

ನಗು ತಡೆಯಲಾಗಲಿಲ್ಲ, ಕಣ್ಣಿಗೆ ನೋವಾಯಿತು. ಏಳು ಗುರುತನ್ನೂ ಬಿಡಿಸಿ ಹೇಳಿದೆ. “ಒಬ್ಬರೇ ಎಣಿಸ್ಬೇಡಿ. ಟ್ಯಾಂಕಿನ ಕಾವಲುಗಾರನನ್ನ ಕೇಳಿ, ಕಟ್ಟೆಗೆ ಫೋನು ಮಾಡಿ, ಆಮೇಲೆ ಹೇಳಿ. ಒಬ್ಬರ ಕಣ್ಣನ್ನೇ ನಂಬಬಾರದು ಅಂತ ನಾನು ಮೊದಲಿಂದ್ಲೂ ಹೇಳ್ತಾ ಬಂದಿದ್ದೀನಿ” ಅಂದೆ. ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ ನಿಂತಿತು. ನಾದಿನಿ ಯಾಕೋ ಬಾಯಿಗೆ ಸೆರಗು ಒತ್ತಿಕೊಂಡು ಹಿತ್ತಲಿಗೆ ಹೋದಳು.

“ಮುಂದಿನ ವಾರದಿಂದ ನೀವೇ ಬನ್ನಿ” ಅಂದ.

“ಮೇಲಿನವರು ಒಪ್ಪಿದ್ರಾ?”

“ಅವರಿಗೆ ನಾನಿನ್ನೂ ಹೇಳಿಲ್ಲ.”

ಇವನಲ್ಲಿಯೂ ಸ್ವಲ್ಪ ಮೆಣಸಿನಕಾಯಿ ಇದೆ. ಅಂಗಿ ಬಿಚ್ಚಿಸಿ ಕಾಲರು ತಿರುಗಿಸಿ ಹೊಲಿದುಕೊಟ್ಟಳು ನಾದಿನಿ. ಅವನು ಬನಿಯನ್ನಿನಲ್ಲಿ ಕೂತು ಚಹಾ ಕುಡಿದ.

ಏಪ್ರಿಲ್ ೭, ಸೋಮವಾರ

ಮೀಸೆಯನ್ನು ಕೆಲಸಕ್ಕೆ ಕರೆದಿದ್ದಾರೆ. ಸುಮ್ಮನೆ ಕರೆದಿಲ್ಲ, ಬರೆಸಿಕೊಂಡಿದ್ದಾರೆ: ಇನ್ನೊಂದು ಸಲ ಕಾರಣವಿಲ್ಲದೆ ಲಾಂಚು ನಿಲ್ಲಿಸಿದರೆ ಕೆಲಸದಿಂದ ವಜಾ.

ಏಪ್ರಿಲ್ ೧೦, ಗುರುವಾರ

ಮೈಕಿನ ಮುಂದೆ ಕೂತೆ. ಏಳರ ತನಕ. ರಾತ್ರಿಯ ಮಳೆ ಒಂಬತ್ತು ಮಿಲಿಮೀಟರ್. ಹೆಚ್ಚೇನೂ ಹೇಳಲಿಲ್ಲ, ಧ್ವನಿ ನಡುಗಿದ್ದು ಯಾರಿಗೂ ಗೊತ್ತಾಗಲಿಲ್ಲ ಅಂದುಕೊಂಡೆ. ಬೇಕರಿಯವನು ಬೇಡ ಅಂದರೂ ಒಂದು ಬಿಸಿ ಬನ್ನು ಕಳಿಸಿದ.

ಏಪ್ರಿಲ್ ೧೨, ಶನಿವಾರ

ಬೆಳಿಗ್ಗೆ ಆರೂವರೆ ಗಂಟೆ. ಆಕಾಶ ತೊಳೆದಿಟ್ಟ ಹಾಗಿತ್ತು, ಎದುರಿಗೆ ಸೂರ್ಯ. ಎಣಿಸಿದೆ. ಬೋರ್ಡು, ಗಡಿಯಾರ, ಕೆಂಪು ಮಾಡು, ಟ್ಯಾಂಕು, ಕಂಬ. ಗೋದಾಮು ಇರಲಿಲ್ಲ.

ಡಾಕ್ಟರು ಕೊಟ್ಟ ಹೊಸ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡೆ. ಇರಲಿಲ್ಲ. ಯಂತ್ರದ ಸ್ಕ್ರೀನು: ನಿಚ್ಚಳ. ಕಟ್ಟೆಯಲ್ಲಿ ಜನ ಬಿಸಿಲಿಗೆ ಮೈ ಒಡ್ಡಿ ನಿಂತಿದ್ದರು. ಮತ್ತೆ ಅದೇ ಬೆಳಿಗ್ಗೆ ಬಂದು ನನ್ನೆದುರು ಕೂತ ಹಾಗಾಯಿತು. ಸುಮ್ಮನೆ ಏಳು ಅಂದುಬಿಡಲೇ ಅಂತ ಒಂದು ಕ್ಷಣ ಅನ್ನಿಸಿದ್ದು ನಿಜ. ಏಳು ಅಂದರೆ ಯಾರೂ ನನ್ನನ್ನು ಏನೂ ಕೇಳುವುದಿಲ್ಲ.

ಆಮೇಲೆ ತಲೆ ಎತ್ತಿ ಗುಡ್ಡ ನೋಡಿದೆ. ಟವರು ಇತ್ತು. ಬುಡ ಇಲ್ಲದೆ, ಮೇಲಿನ ಅರ್ಧ ಚೊಕ್ಕವಾಗಿ ನಿಂತಿತ್ತು.

ಇಸ್ತ್ರಿಯನ್ನು ಕೂಗಿ ಮೇಲೆ ಕರೆದೆ. “ನಿಮಗೆ ಎಷ್ಟು ಕಾಣುತ್ತೆ, ನಾನು ಹೇಳಲ್ಲ, ನೀವೇ ಹೇಳಿ.” ಅವನು ಬೆರಳು ಮಡಚಿ ಎಣಿಸಿ, “ಐದು… ಆರನೇದು ಬಿಟ್ಟು ಏಳನೇದು ಅರ್ಧ” ಅಂದ. ಟ್ಯಾಂಕಿಗೆ ಫೋನು ಮಾಡಿದೆ. ಕಾವಲುಗಾರ ಹತ್ತಿ ನೋಡಿ, “ತಿರುವು ಪೂರ್ತಿ ಮುಚ್ಚಿದೆ ಅಕ್ಕಾ, ಈ ಕಡೆಗೇ ಹರೀತಿದೆ” ಅಂದ. ಆಗ ಮೈಕಿಗೆ ಹೋದೆ. “ಇವತ್ತು ಐದರ ತನಕ. ನಾನೊಬ್ಬಳೇ ಅಲ್ಲ, ಮೂರು ಜನ ನೋಡಿದ್ದೀವಿ.”

ಮೀಸೆಯ ಫೋನು ಬಂತು. ಹಿಂದೆ ಜನರ ಗಲಾಟೆ, ಯಾರೋ “ಮತ್ತೆ ಶುರುವಾಯ್ತು ಇವರದ್ದು!” ಅಂತ ಕೂಗುತ್ತಿದ್ದರು.

“ಅಕ್ಕಾ, ಇಲ್ಲಿ ಬಿಸಿಲಿದೆ” ಅಂದ.

“ಗೊತ್ತು. ಟವರು ಇದೆ, ಗೋದಾಮಿಲ್ಲ. ನಿನ್ನ ಕೆಲಸದ ವಿಷಯ, ನಿಲ್ಲಿಸು ಅಂತ ನಾನು ಹೇಳಲ್ಲ. ಕಂಡಿದ್ದು ಹೇಳಿದ್ದೀನಿ. ನೀನೇ ಯೋಚನೆ ಮಾಡು.”

ಅವನು ಯೋಚನೆ ಮಾಡಲಿಲ್ಲ. ನನ್ನ ಜೊತೆ ಮಾತಾಡುತ್ತಲೇ ಲಾಂಚಿನ ಹುಡುಗರಿಗೆ ಕೂಗಿದ್ದು ಕೇಳಿಸಿತು: “ಹಗ್ಗ ಬಿಚ್ಚಬೇಡ್ರೋ!”

ಆರು ನಿಮಿಷ ಏನೂ ಆಗಲಿಲ್ಲ. ಏಳು ನಿಮಿಷ. ಇಸ್ತ್ರಿ ತಾರಸಿಯ ಮೋಟುಗೋಡೆ ಹಿಡಿದು ನಿಂತಿದ್ದ, ನಾನು ಅವನ ತೋಳು ಹಿಡಿದುಕೊಂಡಿದ್ದೆ ಅಂತ ಆಮೇಲೆ ಗೊತ್ತಾಯಿತು. ಎಂಟನೇ ನಿಮಿಷಕ್ಕೆ ತಿರುವಿನಿಂದ ಬಂತು. ಸದ್ದಿಲ್ಲದೆ, ನೀರಿಗೆ ಅಂಟಿಕೊಂಡು, ಕಟ್ಟೆಯ ಕಂಬವನ್ನು ನುಂಗಿತು, ಲಾಂಚನ್ನು ನುಂಗಿತು, ಬೈಯುತ್ತಿದ್ದವರನ್ನೂ ನುಂಗಿತು. ಆ ಬಿಳುಪಿನ ಒಳಗಿಂದ ಮೀಸೆ ಹಾರ್ನು ಹೊಡೆದ, ಒಂದಲ್ಲ, ಮೂರು ಸಲ, ಉದ್ದಕ್ಕೆ.

ಕೆಳಗೆ ಬಂದು ರಿಜಿಸ್ಟರ್ ತೆಗೆದೆ. ಮಳೆ ಇಲ್ಲ. ಗಾಳಿ ಇಲ್ಲ. ಮಂಜು, ಐದರ ತನಕ. ಕೆಂಪು ಶಾಯಿ ಕೈಗೆ ತೆಗೆದುಕೊಂಡು ಅದರ ಮುಂದೆ ಬರೆದೆ: ನದಿಯದ್ದು.